ಕರೆಂಟ್ ಹೋಗಿ ಬರುವ ಊರಲ್ಲಿ ಲಿನಕ್ಸ್ ಬೋರ್ಡ್‌ಗೆ ರ‍್ಯಾಂಡಮ್ ಸೀಡ್ ಜೋಡಿಸುವ ಕ್ರಮ

ಗಂಗಾವತಿ, ಸಿಂಧನೂರು ಕಡೆಯ ಇಪ್ಪತ್ತು ಅಕ್ಕಿ ಗಿರಣಿಗಳ ವೇಬ್ರಿಡ್ಜ್‌ಗೆ ಒಂದೊಂದು ಸಣ್ಣ ಲಿನಕ್ಸ್ ಬೋರ್ಡ್ ಕೂರಿಸುವ ಕೆಲಸ ಬಂತು ಅನ್ನಿ. ಲಾರಿಯ ತೂಕ ಓದಿ ಆಫೀಸಿನ ಸರ್ವರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಎಲ್ಲರೂ ಮಾಡುವುದು ಒಂದೇ: ಒಂದು ಮೆಮೊರಿ ಕಾರ್ಡ್ ಚೆನ್ನಾಗಿ ತಯಾರು ಮಾಡಿ, ಅದರ ಇಮೇಜ್ ತೆಗೆದು, ಉಳಿದ ಹತ್ತೊಂಬತ್ತಕ್ಕೂ ಅದನ್ನೇ ಬರೆಯುವುದು. ಬೋರ್ಡ್‌ಗೆ ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ತಿರುಗುವ ಹಾರ್ಡ್ ಡಿಸ್ಕ್ ಇಲ್ಲ, ಎಷ್ಟೋ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವೂ ಇಲ್ಲ. ಹಾಗಿದ್ದೂ ಮೊದಲ ಸಲ ಆನ್ ಆದ ಕೆಲವೇ ಸೆಕೆಂಡಿನಲ್ಲಿ ಅದು ತನ್ನ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವಾಗ ಬೋರ್ಡ್‌ನ ಗುರುತು ಖಾತ್ರಿ ಮಾಡುವ ಗುಟ್ಟಿನ ಸಂಖ್ಯೆ) ಹುಟ್ಟಿಸಿಕೊಳ್ಳಲು ಹೊರಡುತ್ತದೆ. ಆ ಹೊತ್ತಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ರ‍್ಯಾಂಡಮ್ ಜನರೇಟರ್‌ಗೆ ಊಹಿಸಲಾಗದ ಆರಂಭದ ಸರಕು, ಅಂದರೆ ಸೀಡ್, ಏನೂ ಸಿಕ್ಕಿಲ್ಲದಿದ್ದರೆ, ಎರಡು ಗಿರಣಿಯ ಬೋರ್ಡ್‌ಗಳು ಒಂದೇ ಕೀ ಹುಟ್ಟಿಸಬಹುದು.

ಇದು ಕಾಗದದ ಮೇಲಿನ ಭಯವಲ್ಲ. 2012ರಲ್ಲಿ ಗೂಢಲಿಪಿ ಸಂಶೋಧಕಿ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಇಡೀ ಇಂಟರ್ನೆಟ್ಟನ್ನು ಸ್ಕ್ಯಾನ್ ಮಾಡಿ, ಶೇ. 0.50ರಷ್ಟು ಗೂಢಲಿಪಿ ಸಂಪರ್ಕದ ಟಿಎಲ್‌ಎಸ್ ಯಂತ್ರಗಳ ಆರ್‌ಎಸ್‌ಎ ಖಾಸಗಿ ಕೀಗಳನ್ನೂ, ಶೇ. 1.03ರಷ್ಟು ಎಸ್‌ಎಸ್‌ಎಚ್ ಯಂತ್ರಗಳ ಡಿಎಸ್‌ಎ ಖಾಸಗಿ ಕೀಗಳನ್ನೂ ಹೊರತೆಗೆದರು (ಆರ್‌ಎಸ್‌ಎ, ಡಿಎಸ್‌ಎ ಎಂದರೆ ಕೀ ಮಾಡುವ ಎರಡು ವಿಧಾನ). ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ರೌಟರ್, ಫೈರ್‌ವಾಲ್‌ಗಳಂತಹ ಕೀಬೋರ್ಡ್ ಇಲ್ಲದ ಡಬ್ಬಿಗಳೇ.

ಒಂದು ಸೂಚನೆ: ಆದೇಶ, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಕರ್ನಲ್ ಒಳಗೆ ಏನಾಗುತ್ತದೆ

ಕರ್ನಲ್ ಹಲವು ಮೂಲಗಳಿಂದ ಸರಕು ತಂದು ಒಂದು ಪೂಲ್‌ಗೆ ಹಾಕಿ ಕಲಸುತ್ತದೆ: ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರ್‌ಗೆ ಕೊಡುವ ಕರೆ) ಬಂದ ಕ್ಷಣ, ಪ್ರೊಸೆಸರ್‌ನ ಒಳಗಿನ ಜನರೇಟರ್, ಹಾರ್ಡ್‌ವೇರ್ ಜನರೇಟರ್, ಬೂಟ್‌ಲೋಡರ್ (ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ) ಕೊಟ್ಟ ಸೀಡ್. ಈಗಿನ ಕರ್ನಲ್‌ಗಳು 256 ಬಿಟ್‌ನಷ್ಟು ಎಂಟ್ರೊಪಿ (ಎಷ್ಟರ ಮಟ್ಟಿಗೆ ಊಹಿಸಲಾಗದು ಎನ್ನುವ ಅಳತೆ) ಸೇರಿತು ಎಂದು ಲೆಕ್ಕ ಹಾಕಿದ ಮೇಲೆ ಜನರೇಟರ್ ಸಿದ್ಧ ಎಂದು ಘೋಷಿಸುತ್ತವೆ. ಅಲ್ಲಿಂದ ಮುಂದೆ ಕರ್ನಲ್ ಬಳಸುವ ಚಾಚಾ20 ಎಂಬ ಸೈಫರ್ ಎಷ್ಟು ಬೇಕಾದರೂ ಬೈಟ್ ಕೊಡುತ್ತದೆ, ‘ಎಂಟ್ರೊಪಿ ಖಾಲಿಯಾಯಿತು’ ಎನ್ನುವ ಮಾತೇ ಇಲ್ಲ. ಅಪಾಯ ಇರುವುದೆಲ್ಲ ಆ ಘೋಷಣೆಗೆ ಮುಂಚಿನ ಕೆಲವು ಸೆಕೆಂಡುಗಳಲ್ಲಿ.

ಆ ಸೆಕೆಂಡುಗಳಲ್ಲಿ ಬೈಟ್ ಕೇಳುವ ದಾರಿಗಳ ಗುಣ ಬೇರೆ ಬೇರೆ. 2014ರ 3.17 ಕರ್ನಲ್‌ನಲ್ಲಿ ಬಂದ ಗೆಟ್‌ರ‍್ಯಾಂಡಮ್ ಕರೆ, ಜನರೇಟರ್ ಸಿದ್ಧವಾಗುವ ತನಕ ಕಾಯುತ್ತದೆ. /ಡೆವ್/ರ‍್ಯಾಂಡಮ್ ಕೂಡ 5.6ರಿಂದ ಹಾಗೆಯೇ: ಒಮ್ಮೆ ಸಿದ್ಧವಾದರೆ ಮತ್ತೆ ತಡೆಯುವುದಿಲ್ಲ. /ಡೆವ್/ಯುರ‍್ಯಾಂಡಮ್ ಮಾತ್ರ ಯಾರಿಗೂ ಕಾಯುವುದಿಲ್ಲ, ಸಿದ್ಧವಿರಲಿ ಬಿಡಲಿ, ಏನೋ ಒಂದನ್ನು ಕೊಟ್ಟು ಕಳಿಸುತ್ತದೆ. ಹಳೆಯ ಪ್ರೋಗ್ರಾಂಗಳು ಎಡವುವುದು ಇಲ್ಲೇ.

ಹೆಜ್ಜೆ 1: ಬೋರ್ಡ್ ಯಾವ ಸ್ಥಿತಿಯಲ್ಲಿದೆ ನೋಡಿ

ಯುನೇಮ್ -ಆರ್ ಹೊಡೆದು ಕರ್ನಲ್ ಆವೃತ್ತಿ ಬರೆದುಕೊಳ್ಳಿ. 5.4ಕ್ಕಿಂತ ಹಳೆಯದಾದರೆ ಮುಂದಿನ ಕೆಲಸ ಹೆಚ್ಚು, 5.18 ಅಥವಾ ಹೊಸದಾದರೆ ಅರ್ಧ ಕೆಲಸ ಕರ್ನಲ್ಲೇ ಮಾಡಿಕೊಂಡಿರುತ್ತದೆ. ನಂತರ:

ಡಿಮೆಸೇಜ್ | ಗ್ರೆಪ್ ರ‍್ಯಾಂಡಮ್

‘ರ‍್ಯಾಂಡಮ್: ಸಿಆರ್‌ಎನ್‌ಜಿ ಇನಿಟ್ ಡನ್’ ಎಂಬ ಸಾಲು ಹುಡುಕಿ. ಅದರ ಎಡಗಡೆಯ ಆವರಣದಲ್ಲಿರುವ ಅಂಕಿ, ಬೂಟ್ ಶುರುವಾದ ಎಷ್ಟನೇ ಸೆಕೆಂಡಿಗೆ ಜನರೇಟರ್ ಸಿದ್ಧವಾಯಿತು ಎನ್ನುವುದು. ಸೊನ್ನೆಯ ಆಸುಪಾಸು ಇದ್ದರೆ ಪ್ರೊಸೆಸರ್ ಅಥವಾ ಬೂಟ್‌ಲೋಡರ್ ಸೀಡ್ ಕೊಟ್ಟಿದೆ ಎಂದರ್ಥ. ಹತ್ತಾರು ಸೆಕೆಂಡು ತೋರಿಸಿದರೆ ಎಚ್ಚರ. ಆ ಸಾಲಿಗಿಂತ ಮೇಲೆ ‘ಅನ್‌ಇನಿಶಿಯಲೈಸ್ಡ್ ಯುರ‍್ಯಾಂಡಮ್ ರೀಡ್’ ಎಂಬ ಎಚ್ಚರಿಕೆ ಕಂಡರೆ ಯಾವುದೋ ಪ್ರೋಗ್ರಾಂ ಹಸಿ ಬೈಟ್‌ಗಳನ್ನು ಒಯ್ದಾಗಿದೆ. ಅದರ ಹೆಸರೂ ಅದೇ ಸಾಲಿನಲ್ಲಿರುತ್ತದೆ. ಕರ್ನಲ್ ಈ ಎಚ್ಚರಿಕೆಗಳ ಸಂಖ್ಯೆಗೆ ಮಿತಿ ಹಾಕುವುದರಿಂದ, ಎರಡು ಮೂರು ಸಾಲು ಕಂಡರೆ ಅಷ್ಟೇ ಓದುಗಳಾಗಿವೆ ಎಂದುಕೊಳ್ಳಬೇಡಿ.

ಬಹಳ ಮಂದಿ /ಪ್ರಾಕ್/ಸಿಸ್/ಕರ್ನಲ್/ರ‍್ಯಾಂಡಮ್/ಎಂಟ್ರೊಪಿ_ಅವೇಲ್ ತೆರೆದು 256 ಎಂಬ ಅಂಕಿ ನೋಡಿ ಗಾಬರಿಯಾಗುತ್ತಾರೆ, ಮೊದಲು ಮೂರು ಸಾವಿರ ಚಿಲ್ಲರೆ ಇರುತ್ತಿತ್ತಲ್ಲ ಎಂದು. ಹೊಸ ಕರ್ನಲ್‌ಗಳಲ್ಲಿ 256 ಎಂದರೆ ಪೂಲ್ ತುಂಬಿದೆ ಎಂದೇ ಅರ್ಥ. ಹಳೆಯದರಲ್ಲಿ ಪೂಲ್ 4096 ಬಿಟ್ ಇತ್ತು. ಈ ಅಂಕಿ ನೋಡಿಕೊಂಡು ಏನನ್ನೂ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಹೆಜ್ಜೆ 2: ಹಾರ್ಡ್‌ವೇರ್ ಮೂಲವನ್ನು ಎಬ್ಬಿಸಿ

/ಸಿಸ್/ಕ್ಲಾಸ್/ಮಿಸ್ಕ್/ಎಚ್‌ಡಬ್ಲ್ಯು_ರ‍್ಯಾಂಡಮ್/ಆರ್‌ಎನ್‌ಜಿ_ಅವೇಲೆಬಲ್ ಫೈಲ್ ಓದಿ. ರಾಸ್ಪ್‌ಬೆರಿ ಪೈ ಹಳೆಯ ಮಾದರಿಗಳಲ್ಲಿ ಬಿಸಿಎಂ2835 ಹೆಸರಿನದು, ಪೈ 4ರಲ್ಲಿ ಐಪ್ರಾಕ್-ಆರ್‌ಎನ್‌ಜಿ200 ಕಾಣುತ್ತದೆ. ಪಕ್ಕದ ಆರ್‌ಎನ್‌ಜಿ_ಕರೆಂಟ್ ಫೈಲ್ ಈಗ ಯಾವುದು ಬಳಕೆಯಲ್ಲಿದೆ ಎಂದು ಹೇಳುತ್ತದೆ. ಖಾಲಿಯಿದ್ದರೆ ಡ್ರೈವರ್ ಮಾಡ್ಯೂಲ್ ಲೋಡ್ ಆಗಿಲ್ಲ, ಅಥವಾ ಚಿಪ್‌ನಲ್ಲೇ ಇಲ್ಲ.

ಡ್ರೈವರ್ ಇದ್ದರೂ ಹಳೆಯ ಕರ್ನಲ್‌ಗಳು ಹಲವು ಡ್ರೈವರ್‌ಗಳಿಗೆ ಗುಣಮಟ್ಟದ ಅಂಕ ಸೊನ್ನೆ ಕೊಟ್ಟು ಸುಮ್ಮನೆ ಕೂರಿಸುತ್ತಿದ್ದವು. ಅಂಥಲ್ಲಿ ಆರ್‌ಎನ್‌ಜಿ-ಟೂಲ್ಸ್ ಹಾಕಿ ಆರ್‌ಎನ್‌ಜಿಡಿ ಸೇವೆಯನ್ನು /ಡೆವ್/ಎಚ್‌ಡಬ್ಲ್ಯುಆರ್‌ಎನ್‌ಜಿ ಕಡೆಗೆ ತಿರುಗಿಸಬೇಕು. ಹಳೆಯ ಬರಹಗಳು ಇಲ್ಲೇ ಒಂದು ಕೆಟ್ಟ ಸಲಹೆ ಕೊಡುತ್ತವೆ: ಆರ್‌ಎನ್‌ಜಿಡಿಗೆ ಮೂಲವಾಗಿ /ಡೆವ್/ಯುರ‍್ಯಾಂಡಮ್ ಕೊಡಿ, ಬೂಟ್ ಬೇಗ ಆಗುತ್ತದೆ ಎಂದು. ಬೇಗ ಆಗುವುದು ನಿಜ. ಆದರೆ ಅದು ಕರ್ನಲ್‌ನ ಹಸಿ ಬೈಟ್‌ಗಳನ್ನೇ ಕರ್ನಲ್‌ಗೆ ವಾಪಸ್ ತಿನ್ನಿಸಿ, ಹೊಟ್ಟೆ ತುಂಬಿತು ಎಂದು ಸುಳ್ಳು ಲೆಕ್ಕ ಬರೆಸುವ ಕೆಲಸ. /ಡೆವ್/ರ‍್ಯಾಂಡಮ್ ಅಳಿಸಿ ಯುರ‍್ಯಾಂಡಮ್‌ಗೆ ಲಿಂಕ್ ಕೊಡುವುದೂ ಇದೇ ಜಾತಿಯದು. ಯಾರಾದರೂ ಮಾಡಿಟ್ಟಿದ್ದರೆ ಮೊದಲು ಅದನ್ನು ಕಿತ್ತುಹಾಕಿ.

ಪಿಸಿ ಮಾದರಿಯ ಯಂತ್ರಗಳಲ್ಲಿ ಇಂಟೆಲ್‌ನ ಆರ್‌ಡಿರ‍್ಯಾಂಡ್ ಎಂಬ ರ‍್ಯಾಂಡಮ್ ಬೈಟ್ ಕೊಡುವ ಪ್ರೊಸೆಸರ್ ಆದೇಶ 2012ರ ಐವಿ ಬ್ರಿಡ್ಜ್‌ನಿಂದ ಇದೆ. ಕರ್ನಲ್ ಆದೇಶ ಸಾಲಿನಲ್ಲಿ ರ‍್ಯಾಂಡಮ್.ಟ್ರಸ್ಟ್_ಸಿಪಿಯು=ಆನ್ ಎಂದು ಕೊಟ್ಟರೆ ಅದರ ಬೈಟ್‌ಗಳಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ಅವು ಎಂಟ್ರೊಪಿ ಲೆಕ್ಕಕ್ಕೆ ಸೇರುತ್ತವೆ, ಜನರೇಟರ್ ಬೂಟ್‌ನ ಆರಂಭದಲ್ಲೇ ಸಿದ್ಧ. ಚಿಪ್ಪನ್ನು ನಂಬದವರು ಆಫ್ ಇಡಬಹುದು, ಆಗಲೂ ಬೈಟ್‌ಗಳು ಪೂಲ್‌ಗೆ ಬೆರೆಯುತ್ತವೆ, ಲೆಕ್ಕಕ್ಕೆ ಸೇರುವುದಿಲ್ಲ ಅಷ್ಟೇ. 2019ರಲ್ಲಿ ಬಂದ ಎಎಂಡಿ ರೈಜೆನ್ 3000 ಸಾಲಿನಲ್ಲಿ ಆರ್‌ಡಿರ‍್ಯಾಂಡ್ ಯಾವಾಗಲೂ ಒಂದೇ ಬೆಲೆ ಕೊಡುವ ದೋಷವಿತ್ತು, ಬಯಾಸ್ ಅಪ್‌ಡೇಟ್‌ನಿಂದ ಸರಿಹೋಯಿತು. ಹಳೆಯ ಬಯಾಸ್ ಇರುವ ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡಿದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಸಣ್ಣ ಬೋರ್ಡ್‌ಗಳಿಗೆ ಇನ್ನೊಂದು ದಾರಿ ಡಿವೈಸ್ ಟ್ರೀ, ಅಂದರೆ ಬೂಟ್‌ಲೋಡರ್ ಕರ್ನಲ್‌ಗೆ ಕೊಡುವ ಹಾರ್ಡ್‌ವೇರ್ ವಿವರದ ಪಟ್ಟಿ. ಬೂಟ್‌ಲೋಡರ್ ‘ಚೋಸನ್’ ನೋಡ್‌ನಲ್ಲಿ ಆರ್‌ಎನ್‌ಜಿ-ಸೀಡ್ ಎಂಬ ಗುಣ ಇಟ್ಟರೆ ಕರ್ನಲ್ ಅದನ್ನು ಓದಿ, ಓದಿದ ಜಾಗವನ್ನು ಅಳಿಸಿಹಾಕುತ್ತದೆ. ಇದಕ್ಕೆ ಕ್ರೆಡಿಟ್ ಕೊಡುವುದು ರ‍್ಯಾಂಡಮ್.ಟ್ರಸ್ಟ್_ಬೂಟ್‌ಲೋಡರ್. ಸೀಡನ್ನು ಬೂಟ್‌ಲೋಡರ್ ಪ್ರತಿ ಬೂಟ್‌ಗೂ ಹೊಸದಾಗಿ ಹುಟ್ಟಿಸಬೇಕು. ಡಿವೈಸ್ ಟ್ರೀ ಫೈಲ್‌ನಲ್ಲೇ ಕೈಯಾರೆ ಒಂದು ಸಂಖ್ಯೆ ಬರೆದು ಇಪ್ಪತ್ತೂ ಕಾರ್ಡಿಗೆ ಹಂಚಿದರೆ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಕರ್ನಲ್ ಅದನ್ನು ನಂಬಿಬಿಡುತ್ತದೆ.

ಮ್ಯಾಕ್ ವಿಳಾಸ, ಬೋರ್ಡ್‌ನ ಸೀರಿಯಲ್ ನಂಬರ್, ಗಡಿಯಾರದ ಹೊತ್ತು ಇವು ಯಾವುವೂ ಸೀಡ್ ಅಲ್ಲ. ಎರಡು ಬೋರ್ಡ್‌ಗಳನ್ನು ಬೇರೆ ಬೇರೆ ಮಾಡಲು ಇವು ಉಪಯೋಗವೇ, ಕರ್ನಲ್ ಕೂಡ ಕ್ರೆಡಿಟ್ ಇಲ್ಲದೆ ಇವನ್ನು ಬೆರೆಸುತ್ತದೆ. ಆದರೆ ಗುಟ್ಟಲ್ಲ. ಉಷ್ಣತೆ ಸೆನ್ಸರ್ ಓದಿ ಸೀಡ್ ಮಾಡೋಣ ಎನ್ನುವವರೂ ಇದ್ದಾರೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಸೆನ್ಸರ್ ಏನು ತೋರಿಸುತ್ತದೆ ಎಂದು ಊಹಿಸಲು ದಾಳಿಕೋರನಿಗೆ ಹೆಚ್ಚು ಕಷ್ಟವಿಲ್ಲ.

ಹೆಜ್ಜೆ 3: ಸೀಡ್ ಫೈಲ್

ಕಳೆದ ಸಲ ಆನ್ ಇದ್ದಾಗ ಸೇರಿಸಿದ ಎಂಟ್ರೊಪಿಯನ್ನು ಮುಂದಿನ ಬೂಟ್‌ಗೆ ದಾಟಿಸುವುದು ಇದರ ಕೆಲಸ. ನಿಯಮ ಮೂರೇ: ಫೈಲ್ ಗುಟ್ಟಾಗಿರಬೇಕು, ಪ್ರತಿ ಬೋರ್ಡ್‌ಗೂ ಬೇರೆಯಾಗಿರಬೇಕು, ಒಂದು ಸಲಕ್ಕಿಂತ ಹೆಚ್ಚು ಬಳಕೆಯಾಗಬಾರದು. ಮೂರನೆಯದು ನಮ್ಮ ಕಡೆ ಮುರಿದುಬೀಳುತ್ತದೆ. ಹಳೆಯ ಸ್ಕ್ರಿಪ್ಟ್‌ಗಳು ಹೊಸ ಸೀಡನ್ನು ಶಟ್‌ಡೌನ್ ಹೊತ್ತಿನಲ್ಲಿ ಮಾತ್ರ ಬರೆಯುತ್ತಿದ್ದವು. ಗಿರಣಿಯ ಬೋರ್ಡ್‌ಗೆ ಶಟ್‌ಡೌನ್ ಎನ್ನುವುದೇ ಗೊತ್ತಿಲ್ಲ. ಕರೆಂಟ್ ಹೋಗುತ್ತದೆ, ಇಲ್ಲವೇ ಸಂಜೆ ಯಾರೋ ಮೇನ್ ಸ್ವಿಚ್ ಇಳಿಸಿ ಮನೆಗೆ ಹೋಗುತ್ತಾರೆ. ಹೀಗಾಗಿ ಒಂದೇ ಸೀಡ್ ತಿಂಗಳುಗಟ್ಟಲೆ ಪ್ರತಿ ಬೂಟ್‌ಗೂ ಮರಳಿ ಬರುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕು: ಬೂಟ್ ಆಗುತ್ತಿದ್ದಂತೆ ಹಳೆಯ ಸೀಡ್ ಓದು, ಕರ್ನಲ್‌ಗೆ ಕೊಡು, ಆ ಕೂಡಲೇ ಹೊಸ ಸೀಡ್ ಪಡೆದು ಹಳೆಯದರ ಜಾಗಕ್ಕೆ ಬರೆ, ಎಫ್‌ಸಿಂಕ್ ಮಾಡಿ ಕಾರ್ಡಿಗೆ ಇಳಿಯಿತು ಎಂದು ಖಾತ್ರಿ ಮಾಡಿಕೋ, ಆಮೇಲೆ ಉಳಿದ ಸೇವೆಗಳು.

ಸಿಸ್ಟಮ್‌ಡಿ (ಬೂಟ್ ಮತ್ತು ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಇರುವ ಡೆಬಿಯನ್, ಉಬುಂಟು, ರಾಸ್ಪ್‌ಬೆರಿ ಪೈ ಓಎಸ್‌ಗಳಲ್ಲಿ ಸಿಸ್ಟಮ್‌ಡಿ-ರ‍್ಯಾಂಡಮ್-ಸೀಡ್ ಸೇವೆ ಇದನ್ನು ಮಾಡುತ್ತದೆ. ಫೈಲ್ ಇರುವುದು /ವಾರ್/ಲಿಬ್/ಸಿಸ್ಟಮ್‌ಡಿ/ರ‍್ಯಾಂಡಮ್-ಸೀಡ್, ಗಾತ್ರ ಆವೃತ್ತಿಯ ಮೇಲೆ 32 ಅಥವಾ 512 ಬೈಟ್, ಅನುಮತಿ 0600, ಮಾಲೀಕ ರೂಟ್. ಒಂದು ವಿಷಯ ತಿಳಿದಿರಲಿ: ಸುಮ್ಮನೆ /ಡೆವ್/ಯುರ‍್ಯಾಂಡಮ್‌ಗೆ ಬರೆದ ಬೈಟ್‌ಗಳು ಪೂಲ್‌ಗೆ ಬೆರೆಯುತ್ತವೆ, ಆದರೆ ಅವಕ್ಕೆ ಕ್ರೆಡಿಟ್ ಸಿಗುವುದಿಲ್ಲ. ಕ್ಯಾಟ್, ಡಿಡಿ ಆದೇಶಗಳಿಂದ ಸೀಡ್ ಸುರಿದರೂ ‘ಇನಿಟ್ ಡನ್’ ಸಾಲು ಬೇಗ ಬರದಿರುವುದು ಇದಕ್ಕೇ. ಕ್ರೆಡಿಟ್ ಬೇಕಾದರೆ ಆರ್‌ಎನ್‌ಡಿ-ಆ್ಯಡ್-ಎಂಟ್ರೊಪಿ ಎಂಬ ಐಆಕ್ಟಲ್ (ಕರ್ನಲ್‌ಗೆ ನೇರವಾಗಿ ಮಾಡುವ ಕರೆ) ಬಳಸಬೇಕು. ಸಿಸ್ಟಮ್‌ಡಿ ಕೂಡ ತಾನಾಗಿ ಕ್ರೆಡಿಟ್ ಕೊಡುವುದಿಲ್ಲ. ಸೇವೆಯ ಎನ್ವಿರಾನ್‌ಮೆಂಟ್‌ನಲ್ಲಿ ಸಿಸ್ಟಮ್‌ಡಿ_ರ‍್ಯಾಂಡಮ್_ಸೀಡ್_ಕ್ರೆಡಿಟ್=1 ಎಂದು ಬರೆದರಷ್ಟೇ ಕೊಡುತ್ತದೆ. ಹಾರ್ಡ್‌ವೇರ್ ಜನರೇಟರ್ ಇರುವ ಬೋರ್ಡ್‌ನಲ್ಲಿ ಇದನ್ನು ಆನ್ ಮಾಡುವ ಅಗತ್ಯವೇ ಇಲ್ಲ. ಇಲ್ಲದ ಬೋರ್ಡ್‌ನಲ್ಲಿ, ಕಾರ್ಡ್ ಕ್ಲೋನ್ ಆಗುವುದಿಲ್ಲ ಎಂದು ಖಚಿತವಿದ್ದರೆ ಮಾತ್ರ ಆನ್ ಮಾಡಿ.

ಸಿಸ್ಟಮ್‌ಡಿ ಇಲ್ಲದ ಸಣ್ಣ ವ್ಯವಸ್ಥೆಗಳಿಗೆ ಬಿಜಿಬಾಕ್ಸ್ (ಸಣ್ಣ ಆದೇಶಗಳ ಒಂದು ಗಂಟು) 1.36ರಿಂದ ಸೀಡ್‌ಆರ್‌ಎನ್‌ಜಿ ಎಂಬ ಆದೇಶ ಬಂದಿದೆ. ಕೈಯಿಂದ ಬರೆದ ಶೆಲ್ ಸ್ಕ್ರಿಪ್ಟ್‌ಗಿಂತ ಇದೇ ಮೇಲು. ಅದು ಸೀಡ್ ಓದಿದ ಕೂಡಲೇ ಫೈಲ್ ಅಳಿಸಿ, ಅಳಿಸಿದ್ದು ಕಾರ್ಡಿಗೆ ಇಳಿದ ಮೇಲೆಯೇ ಕ್ರೆಡಿಟ್ ಕೊಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಸೀಡ್ ಕಳೆದುಹೋಗಬಹುದು, ಎರಡು ಸಲ ಬಳಕೆಯಂತೂ ಆಗದು. ಹೊಸ ಸೀಡ್ ಬರೆಯುವಾಗ ಹಳೆಯದರ ಹ್ಯಾಶನ್ನೂ ಬೆರೆಸುತ್ತದೆ, ಹೀಗಾಗಿ ಕರ್ನಲ್ ಆ ಹೊತ್ತಿಗೆ ಸಿದ್ಧವಿರದಿದ್ದರೂ ಹಳೆಯ ಬಲ ಕೈತಪ್ಪುವುದಿಲ್ಲ. ಹೊಸ ಸೀಡ್ ಸಿದ್ಧ ಜನರೇಟರ್‌ನಿಂದ ಬಂದಿದ್ದರೆ ಸೀಡ್.ಕ್ರೆಡಿಟ್, ಇಲ್ಲವಾದರೆ ಸೀಡ್.ನೋ-ಕ್ರೆಡಿಟ್ ಎಂಬ ಹೆಸರಿನಲ್ಲಿ /ವಾರ್/ಲಿಬ್/ಸೀಡ್‌ಆರ್‌ಎನ್‌ಜಿ ಒಳಗೆ ಇಡುತ್ತದೆ. ಬೂಟ್ ಸ್ಕ್ರಿಪ್ಟ್‌ನಲ್ಲಿ ನೆಟ್‌ವರ್ಕ್‌ಗಿಂತ ಮೊದಲು ಒಮ್ಮೆ, ಮುಂದೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಆದೇಶ ಓಡಿಸುವ ಸೇವೆ) ದಿನಕ್ಕೆ ಒಂದೆರಡು ಸಲ ಓಡಿಸಿದರೆ ಸಾಕು.

ಓವರ್‌ಲೇ ಹಾಕಿದವರು ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಕರೆಂಟ್ ಹೋದಾಗ ಕಾರ್ಡ್ ಕೆಡದಿರಲಿ ಎಂದು ರೂಟ್ ಫೈಲ್ ಸಿಸ್ಟಮ್ಮನ್ನು ಓದಲು ಮಾತ್ರ ಇಟ್ಟು ಮೇಲೊಂದು ಓವರ್‌ಲೇ (ಬರೆದದ್ದನ್ನೆಲ್ಲ ರ‍್ಯಾಮ್‌ನಲ್ಲೇ ಹಿಡಿದಿಡುವ ಪದರ) ಹಾಸುವ ರೂಢಿ ಇದೆ. ರಾಸ್ಪಿ-ಕಾನ್ಫಿಗ್‌ನಲ್ಲಿ ಇದಕ್ಕೊಂದು ಆಯ್ಕೆಯೇ ಇದೆ. ಕಾರ್ಡ್ ಉಳಿಯುತ್ತದೆ, ಸರಿ. ಆದರೆ ಬೂಟ್ ಆದ ಮೇಲೆ ಬರೆದ ಹೊಸ ಸೀಡ್ ರ‍್ಯಾಮ್‌ನಲ್ಲೇ ಉಳಿದು ಕರೆಂಟ್ ಜೊತೆ ಹೋಗುತ್ತದೆ, ಮರುದಿನ ಕಾರ್ಡಿನ ಅದೇ ಹಳೆಯ ಸೀಡ್ ಎದ್ದು ಕೂರುತ್ತದೆ. ಕ್ರೆಡಿಟ್ ಆನ್ ಇದ್ದರೆ ಕರ್ನಲ್ ಈ ಹಳಸಿದ ಸೀಡನ್ನು ತಾಜಾ ಎಂದು ಲೆಕ್ಕ ಹಿಡಿಯುತ್ತದೆ. ಯಾವ ಲಾಗ್‌ನಲ್ಲೂ ದೂರು ಬರುವುದಿಲ್ಲ.

ಪರಿಹಾರ ಎರಡಿವೆ. ಕಾರ್ಡಿನ ಕೊನೆಯಲ್ಲಿ 16 ಎಂಬಿಯಷ್ಟು ಸಣ್ಣ ಎಕ್ಸ್‌ಟ್4 ಪಾರ್ಟಿಷನ್ ಮಾಡಿ, ಅದನ್ನು ಬರೆಯಲು ಬರುವಂತೆ ಮೌಂಟ್ ಮಾಡಿ ಸೀಡ್ ಡೈರೆಕ್ಟರಿಯನ್ನು ಅಲ್ಲಿಗೆ ಸಾಗಿಸಿ, ಮತ್ತು ಸೀಡ್ ಸೇವೆಗಿಂತ ಮೊದಲು ಮೌಂಟ್ ಆಗುತ್ತಿದೆಯೇ ಎಂದು ನೋಡಿ. ಅಥವಾ ಹಾರ್ಡ್‌ವೇರ್ ಜನರೇಟರ್ ಚೆನ್ನಾಗಿದ್ದರೆ ಕ್ರೆಡಿಟ್ ಆಫ್ ಮಾಡಿ, ಸೀಡ್ ಫೈಲನ್ನು ಲೆಕ್ಕದಿಂದಲೇ ಬಿಟ್ಟುಬಿಡಿ. ನಮ್ಮ ಮಟ್ಟಿಗೆ ಎರಡನೆಯದೇ ಕಡಿಮೆ ತಲೆನೋವು.

ಹೆಜ್ಜೆ 4: ಕೀ ಹುಟ್ಟುವ ಸಮಯ

ಸೀಡ್ ಎಷ್ಟೇ ಚೆನ್ನಾಗಿರಲಿ, ಕೀ ಹುಟ್ಟಿಸುವ ಸೇವೆ ಅದಕ್ಕಿಂತ ಮೊದಲು ಓಡಿದರೆ ಪ್ರಯೋಜನವಿಲ್ಲ. ಎಸ್‌ಎಸ್‌ಎಚ್ ಕೀ ಹುಟ್ಟಿಸುವ ಯುನಿಟ್‌ಗೆ ಡ್ರಾಪ್-ಇನ್ ಬರೆದು, ಆಫ್ಟರ್= ಸಾಲಿನಲ್ಲಿ ಸಿಸ್ಟಮ್‌ಡಿ-ರ‍್ಯಾಂಡಮ್-ಸೀಡ್.ಸರ್ವಿಸ್ ಸೇರಿಸಿ. ಜೊತೆಗೆ ಎಕ್ಸೆಕ್‌ಸ್ಟಾರ್ಟ್‌ಪ್ರೀ= ಸಾಲಿನಲ್ಲಿ ಪೈಥಾನ್3ರ ಓಎಸ್.ಗೆಟ್‌ರ‍್ಯಾಂಡಮ್(1) ಕರೆ ಇಡಿ. ಒಂದೇ ಬೈಟ್ ಕೇಳಿದರೂ ಜನರೇಟರ್ ಸಿದ್ಧವಾಗುವ ತನಕ ಅದು ಅಲ್ಲೇ ನಿಲ್ಲುತ್ತದೆ, ಕೀ ತಡವಾಗಿ ಹುಟ್ಟುತ್ತದೆ, ಗಟ್ಟಿಯಾಗಿ ಹುಟ್ಟುತ್ತದೆ. ಪೈಥಾನ್ ಇಲ್ಲದ ಬೋರ್ಡ್‌ನಲ್ಲಿ, ಕರ್ನಲ್ 5.6 ಅಥವಾ ಹೊಸದಾಗಿದ್ದರೆ, ಹೆಡ್ -ಸಿ 1 /ಡೆವ್/ರ‍್ಯಾಂಡಮ್ ಸಾಕು.

ಕಾಯುವುದು ಬಹಳ ಹೊತ್ತಾದರೆ, ಅಂದರೆ ನಿಮಿಷಗಟ್ಟಲೆ ಬೂಟ್ ನಿಂತರೆ, ಬೋರ್ಡ್‌ಗೆ ಮೂಲವೇ ಇಲ್ಲ ಎಂದು ತಿಳಿಯಿರಿ. 5.4 ಮತ್ತು ನಂತರದ ಕರ್ನಲ್‌ಗಳು ಇಂಥ ಹೊತ್ತಿನಲ್ಲಿ ಪ್ರೊಸೆಸರ್‌ನ ಸೈಕಲ್ ಕೌಂಟರ್‌ನ ಅದಿರಾಟದಿಂದ ತಾವೇ ಎಂಟ್ರೊಪಿ ಮಾಡಿಕೊಳ್ಳುತ್ತವೆ, ಸಾಮಾನ್ಯವಾಗಿ ಒಂದೆರಡು ಸೆಕೆಂಡಿನ ಕೆಲಸ. ವೇಗದ ಕೌಂಟರ್ ಇಲ್ಲದ ಹಳೆಯ ಚಿಪ್‌ಗಳಿಗೆ ಈ ಭಾಗ್ಯವಿಲ್ಲ. ಹಳೆಯ ಕರ್ನಲ್‌ಗೇ ಅಂಟಿಕೊಂಡಿರಬೇಕಾದರೆ ಇದೇ ಬಗೆಯ ಕೆಲಸ ಮಾಡುವ ಹ್ಯಾವೆಜ್ಡ್ ಅಥವಾ ಜಿಟರ್‌ಎಂಟ್ರೊಪಿ-ಆರ್‌ಎನ್‌ಜಿಡಿ ಹಾಕಬಹುದು. ಹೊಸ ಕರ್ನಲ್‌ನಲ್ಲಿ ಎರಡೂ ಬೇಡ.

ಹೆಜ್ಜೆ 5: ಕಾರ್ಡ್ ನಕಲು ಮಾಡುವ ಮುನ್ನ

ಮೂಲ ಕಾರ್ಡಿನಿಂದ ಇಮೇಜ್ ತೆಗೆಯುವ ಮೊದಲು ಅಳಿಸಬೇಕಾದವು: /ವಾರ್/ಲಿಬ್/ಸಿಸ್ಟಮ್‌ಡಿ/ರ‍್ಯಾಂಡಮ್-ಸೀಡ್, /ಇಟಿಸಿ/ಎಸ್‌ಎಸ್‌ಎಚ್ ಒಳಗಿನ ಎಸ್‌ಎಸ್‌ಎಚ್_ಹೋಸ್ಟ್_ ಎಂದು ಶುರುವಾಗುವ ಎಲ್ಲ ಫೈಲ್‌ಗಳು, ವಿಪಿಎನ್ ಖಾಸಗಿ ಕೀಗಳು. /ಇಟಿಸಿ/ಮಷೀನ್-ಐಡಿ ಫೈಲನ್ನು ಅಳಿಸದೆ ಸೊನ್ನೆ ಗಾತ್ರಕ್ಕೆ ಇಳಿಸಿ, ಮೊದಲ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಸಿಸ್ಟಮ್‌ಡಿ-ಬೂಟ್ ಬಳಸುವ ಪಿಸಿಗಳಲ್ಲಿ ಇಎಫ್‌ಐ ಪಾರ್ಟಿಷನ್‌ನ ಲೋಡರ್ ಡೈರೆಕ್ಟರಿಯಲ್ಲೂ ಒಂದು ರ‍್ಯಾಂಡಮ್-ಸೀಡ್ ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು.

ಅಳಿಸಿದಷ್ಟಕ್ಕೆ ಮುಗಿಯಲಿಲ್ಲ. ಪ್ರತಿ ಕಾರ್ಡಿಗೂ ಇಮೇಜ್ ಬರೆದ ಮೇಲೆ, ಬಹಳ ಹೊತ್ತಿನಿಂದ ಓಡುತ್ತಿರುವ ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ಒಂದು ತಾಜಾ ಸೀಡ್ ಹಾಕಿ. ಕಾರ್ಡಿನ ರೂಟ್ ಪಾರ್ಟಿಷನ್ /ಎಂಎನ್‌ಟಿಗೆ ಮೌಂಟ್ ಮಾಡಿ:

ಡಿಡಿ ಇಫ್=/ಡೆವ್/ಯುರ‍್ಯಾಂಡಮ್ ಆಫ್=/ಎಂಎನ್‌ಟಿ/ವಾರ್/ಲಿಬ್/ಸಿಸ್ಟಮ್‌ಡಿ/ರ‍್ಯಾಂಡಮ್-ಸೀಡ್ ಬಿಎಸ್=512 ಕೌಂಟ್=1

ನಂತರ ಸಿಎಚ್‌ಮಾಡ್ 600, ಸಿಂಕ್, ಅನ್‌ಮೌಂಟ್. ಇದನ್ನು ಕಾರ್ಡ್ ಬರೆಯುವ ಸ್ಕ್ರಿಪ್ಟ್‌ನಲ್ಲೇ ಸೇರಿಸಿಬಿಡಿ. ಕೈಯಿಂದ ಮಾಡಿದರೆ ಹನ್ನೊಂದನೇ ಕಾರ್ಡಿನ ಹೊತ್ತಿಗೆ ಚಹಾ ಬಂದಿರುತ್ತದೆ, ಒಂದು ತಪ್ಪಿಹೋಗುತ್ತದೆ.

ವರ್ಚುವಲ್ ಯಂತ್ರಗಳಾದರೆ ಇಷ್ಟು ಪಾಡಿಲ್ಲ. ಅವನ್ನು ಓಡಿಸುವ ಕ್ಯೂಎಮುಗೆ ವರ್ಟಿಯೋ-ಆರ್‌ಎನ್‌ಜಿ ಸಾಧನ ಸೇರಿಸಿ, ಮೂಲವಾಗಿ ಹೋಸ್ಟ್‌ನ /ಡೆವ್/ಯುರ‍್ಯಾಂಡಮ್ ಕೊಡಿ. ಇಲ್ಲಿ ಯುರ‍್ಯಾಂಡಮ್ ಸರಿಯೇ, ಹೋಸ್ಟ್ ಆಗಲೇ ಸಿದ್ಧವಾಗಿರುತ್ತದೆ. ಓಡುತ್ತಿರುವಾಗಲೇ ಸ್ನ್ಯಾಪ್‌ಶಾಟ್ ತೆಗೆದು ಎರಡು ಕಡೆ ಎಬ್ಬಿಸಿದರೆ ಎರಡರ ಜನರೇಟರ್ ಸ್ಥಿತಿಯೂ ಒಂದೇ. ವಿಎಂಜೆನ್‌ಐಡಿ ಸಾಧನ (ಯಂತ್ರ ನಕಲಾದಾಗ ಬದಲಾಗುವ ಗುರುತು) ಕೊಟ್ಟಿದ್ದರೆ 5.18ರಿಂದ ಕರ್ನಲ್ ಇದನ್ನು ಗುರುತಿಸಿ ಮರುಸೀಡ್ ಮಾಡಿಕೊಳ್ಳುತ್ತದೆ.

ಆಫೀಸಿನ ಫೈರ್‌ವಾಲ್ ಫ್ರೀಬಿಎಸ್‌ಡಿ ಮೇಲಿದ್ದರೆ ನೋಡಬೇಕಾದ ಜಾಗ /ವಾರ್/ಡಿಬಿ/ಎಂಟ್ರೊಪಿ ಮತ್ತು /ಬೂಟ್/ಎಂಟ್ರೊಪಿ. ಅಲ್ಲಿ ಕ್ರಾನ್ ಪ್ರತಿ 11 ನಿಮಿಷಕ್ಕೊಮ್ಮೆ ಹೊಸ ಸೀಡ್ ಬರೆದು, ಒಟ್ಟು 8 ಫೈಲ್‌ಗಳನ್ನು ಸರದಿಯಲ್ಲಿ ಇಡುತ್ತದೆ. ಥಟ್ಟನೆ ಕರೆಂಟ್ ಹೋಗುವ ಜಾಗಕ್ಕೆ ಒಳ್ಳೆಯ ಏರ್ಪಾಡು.

ಪರೀಕ್ಷೆ

ಮೊದಲು ಬೇಡದ ಪರೀಕ್ಷೆ ಹೇಳಿಬಿಡೋಣ. ಆರ್‌ಎನ್‌ಜಿಟೆಸ್ಟ್, ಡೈಹಾರ್ಡರ್ ಮುಂತಾದ ಅಂಕಿಅಂಶದ ಪರೀಕ್ಷೆಗಳನ್ನು /ಡೆವ್/ಯುರ‍್ಯಾಂಡಮ್ ಮೇಲೆ ಓಡಿಸಿ ಹಸಿರು ಗುರುತು ಕಂಡು ಸಮಾಧಾನಪಡಬೇಡಿ. ಚಾಚಾ20ಗೆ ಸೊನ್ನೆಗಳನ್ನೇ ಸೀಡ್ ಆಗಿ ಕೊಟ್ಟರೂ ಹೊರಬರುವ ಬೈಟ್‌ಗಳು ಆ ಪರೀಕ್ಷೆ ಪಾಸಾಗುತ್ತವೆ.

ನಿಜವಾಗಿ ಮಾಡಬೇಕಾದ್ದು: ಸೀಡ್ ಫೈಲ್‌ನ ಎಸ್‌ಎಚ್‌ಎ256ಸಮ್ ಬರೆದುಕೊಂಡು ಬೋರ್ಡ್‌ನ ಪ್ಲಗ್ ಕೀಳಿ, ಶಟ್‌ಡೌನ್ ಕೊಡಬೇಡಿ. ಮತ್ತೆ ಆನ್ ಮಾಡಿ ನೋಡಿದಾಗ ಹ್ಯಾಶ್ ಬದಲಾಗಿರಲೇಬೇಕು. ಓವರ್‌ಲೇ ಇದ್ದರೆ ಈ ಹೋಲಿಕೆ ಮೋಸ ಮಾಡುತ್ತದೆ: ಕಾಣುವುದು ಮೇಲಿನ ಪದರದ ಫೈಲ್. ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ ಎರಡೂ ಸಲ ಅಲ್ಲಿಯೇ ಹ್ಯಾಶ್ ತೆಗೆಯಿರಿ.

ಇಪ್ಪತ್ತೂ ಬೋರ್ಡ್ ಒಂದೇ ಸ್ವಿಚ್‌ಗೆ ಸಿಕ್ಕಿಸಿ ಎಸ್‌ಎಸ್‌ಎಚ್-ಕೀಸ್ಕ್ಯಾನ್‌ನಿಂದ ಎಲ್ಲದರ ಸಾರ್ವಜನಿಕ ಕೀ ತರಿಸಿ, ಕೀ ಇರುವ ಕಾಲಮ್ ಮಾತ್ರ ಕತ್ತರಿಸಿ, ಸಾರ್ಟ್ | ಯುನಿಕ್ -ಡಿ ಮೂಲಕ ಹಾಯಿಸಿ. ಏನಾದರೂ ಅಚ್ಚಾದರೆ ಜೋಡಿ ಇದೆ ಎಂದರ್ಥ. ಏನೂ ಅಚ್ಚಾಗದಿದ್ದರೆ ಆರ್‌ಎಸ್‌ಎ ಕೀಗಳ ಮಟ್ಟಿಗೆ ಇನ್ನೂ ನಿರಾಳವಾಗಬೇಡಿ. ಆರ್‌ಎಸ್‌ಎ ಕೀಯ ಮಾಡ್ಯುಲಸ್ ಎಂದರೆ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಎರಡು ಬೋರ್ಡ್‌ಗಳು ಒಂದೇ ಸ್ಥಿತಿಯಿಂದ ಹೊರಟು, ಮೊದಲ ಅವಿಭಾಜ್ಯ ಸಂಖ್ಯೆ ಒಂದೇ ಆಗಿ, ಎರಡನೆಯದು ಹುಡುಕುವಷ್ಟರಲ್ಲಿ ಯಾವುದೋ ಇಂಟರಪ್ಟ್ ಬಂದು ದಾರಿ ಬೇರೆಯಾದರೆ ಕೀಗಳು ನೋಡಲು ಬೇರೆ ಬೇರೆ. ಆದರೆ ಎರಡರ ಮಾಡ್ಯುಲಸ್‌ನ ಮಹತ್ತಮ ಸಾಮಾನ್ಯ ಅಪವರ್ತನ ತೆಗೆದರೆ ಎರಡೂ ಒಡೆಯುತ್ತವೆ. 2012ರಲ್ಲಿ ಆರ್‌ಎಸ್‌ಎ ಕೀಗಳು ಬಿದ್ದದ್ದು ಹೀಗೇ. ಮಾಡ್ಯುಲಸ್‌ಗಳನ್ನು ತೆಗೆದು ಪೈಥಾನ್‌ನ ಮ್ಯಾಥ್.ಜಿಸಿಡಿಯಿಂದ ಜೋಡಿ ಜೋಡಿಯಾಗಿ ನೋಡಿ. ಇಪ್ಪತ್ತು ಬೋರ್ಡ್‌ಗೆ 190 ಜೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಉತ್ತರ ಎಲ್ಲವೂ 1 ಬರಬೇಕು.

ಈಗಾಗಲೇ ಗಿರಣಿಗಳಲ್ಲಿ ಕೂತಿರುವ ಬೋರ್ಡ್‌ಗಳ ಸೀಡ್ ಸರಿಮಾಡಿದರೂ ಹಳೆಯ ಕೀಗಳು ತಾವಾಗಿ ಗಟ್ಟಿಯಾಗುವುದಿಲ್ಲ. ಒಂದೊಂದಕ್ಕೂ ಲಾಗಿನ್ ಆಗಿ, ‘ಇನಿಟ್ ಡನ್’ ಸಾಲು ಬಂದಿದೆಯೇ ನೋಡಿ, ಹೋಸ್ಟ್ ಕೀಗಳನ್ನು ಅಳಿಸಿ ಎಸ್‌ಎಸ್‌ಎಚ್-ಕೀಜೆನ್ -ಎ ಹೊಡೆಯಿರಿ, ಇಲ್ಲಿ ಎ ದೊಡ್ಡಕ್ಷರ. ಆಮೇಲೆ ಎಸ್‌ಎಸ್‌ಎಚ್ ಸೇವೆ ರೀಸ್ಟಾರ್ಟ್ ಮಾಡಿ, ಆ ಸೆಷನ್ ಮುಚ್ಚುವ ಮೊದಲೇ ಹೊಸ ಫಿಂಗರ್‌ಪ್ರಿಂಟ್ ಬರೆದುಕೊಳ್ಳಿ. ಸರ್ವರ್ ಕಡೆ ಎಸ್‌ಎಸ್‌ಎಚ್-ಕೀಜೆನ್ -ಆರ್ ಜೊತೆ ಬೋರ್ಡ್ ವಿಳಾಸ ಕೊಟ್ಟು ಹಳೆಯ ನಮೂದು ತೆಗೆಯಿರಿ. ಈ ಆರ್ ಕೂಡ ದೊಡ್ಡಕ್ಷರವೇ. ಮುಂದಿನ ಸಲ ಕನೆಕ್ಟ್ ಆಗುವಾಗ ಕೇಳುವ ಫಿಂಗರ್‌ಪ್ರಿಂಟ್, ಬರೆದುಕೊಂಡದ್ದಕ್ಕೆ ಹೊಂದಿದರೆ ಮಾತ್ರ ಹೂಂ ಅನ್ನಿ. ಟಿಎಲ್‌ಎಸ್ ಪ್ರಮಾಣಪತ್ರ, ವಿಪಿಎನ್ ಕೀಗಳೂ ಅದೇ ಹಳೆಯ ಬೂಟ್‌ನಲ್ಲಿ ಹುಟ್ಟಿದ್ದರೆ ಅವನ್ನೂ ಅದೇ ಭೇಟಿಯಲ್ಲಿ ಬದಲಿಸಿ. ಸರ್ವರ್‌ನಲ್ಲಿ ಹಳೆಯ ವಿಪಿಎನ್ ಸಾರ್ವಜನಿಕ ಕೀಯನ್ನು ಅಳಿಸುವುದು ಹೊಸದರಿಂದ ಸಂಪರ್ಕ ಸಿಕ್ಕ ಮೇಲೆ. ಇಲ್ಲವಾದರೆ ಮತ್ತೆ ಸಿಂಧನೂರಿನ ಬಸ್ಸು ಹತ್ತಬೇಕಾಗುತ್ತದೆ.